ಮೀಸಲು ಆಟಗಾರನೊಬ್ಬನ ಅಂಕಿಗಳು: ಇತಿಹಾಸದಲ್ಲಿ ಊಹೆಯ ಅಧಿಕಾರ ಮತ್ತು ಮಿತಿ

ಇತಿಹಾಸಕಾರನು ನಡೆದುದನ್ನು ಹೇಳಬೇಕೇ ಹೊರತು ನಡೆಯಬಹುದಾಗಿದ್ದುದನ್ನಲ್ಲ ಎಂಬ ಮಾತು ನಮ್ಮ ತರಗತಿಗಳಲ್ಲಿ ಬಹುಕಾಲದಿಂದ ಕೇಳಿಬರುತ್ತಿದೆ. ಮಾತು ಸರಿಯೆ, ಆದರೆ ಪೂರ್ಣವಲ್ಲ. ಅರಸನೊಬ್ಬನ ಕಡೆಯ ಶಾಸನಕ್ಕೂ ಅವನ ಉತ್ತರಾಧಿಕಾರಿಯ ಮೊದಲ ಶಾಸನಕ್ಕೂ ನಡುವೆ ಹಲವು ವರ್ಷಗಳ ತೆರಪಿದ್ದರೆ, ಆ ತೆರಪನ್ನು ತುಂಬಲು ನಾವೆಲ್ಲರೂ ಊಹೆಯನ್ನೇ ಆಶ್ರಯಿಸುತ್ತೇವೆ. ಹೀಗಿರುವಲ್ಲಿ ಊಹೆ ಸಲ್ಲುವುದೇ ಸಲ್ಲದೇ ಎಂಬುದಕ್ಕಿಂತ, ಯಾವ ಆಧಾರದ ಮೇಲೆ, ಎಷ್ಟು ದೂರದವರೆಗೆ ಸಲ್ಲುತ್ತದೆ ಎಂಬುದೇ ವಿಚಾರಣೀಯವಾದ ಪ್ರಶ್ನೆ. ಈ ಪ್ರಶ್ನೆಯನ್ನು ಅಂಕಿಗಳ ಮೂಲಕವೇ ಪರೀಕ್ಷಿಸಲು ಅನುಕೂಲವಾದ ಒಂದು ಕ್ಷೇತ್ರವೆಂದರೆ ಅಮೆರಿಕದ ಬೇಸ್‌ಬಾಲ್ ಆಟದ ಇತಿಹಾಸ. ಅಲ್ಲಿ ೧೮೭೦ರ ದಶಕದಿಂದಲೂ ಪಂದ್ಯಗಳ ಅಂಕಿ ಅಂಶಗಳು ಮುದ್ರಿತವಾಗಿ ಉಳಿದುಬಂದಿವೆ. ಆ ಅಂಕಿಗಳಿಂದ ಆಟಗಾರನೊಬ್ಬನ ಮುಂದಿನ ಸಾಧನೆಯನ್ನು ಅಂದಾಜು ಮಾಡುವ ಸೂತ್ರಗಳೂ ಬೆಳೆದಿವೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಕೆಲವೇ ಕಾಲ ಆಡಿದ ಒಬ್ಬ ಮೀಸಲು ಕ್ಯಾಚರನಿಗೆ ಈ ಸೂತ್ರಗಳನ್ನು ಅನ್ವಯಿಸಿ, ಅವು ಏನನ್ನು ಹೇಳುತ್ತವೆ, ಏನನ್ನು ಹೇಳಲಾರವು ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ನಾವು ಆಯ್ದುಕೊಂಡಿರುವ ವ್ಯಕ್ತಿ ಬ್ರಾಂಚ್ ರಿಕಿ. ೧೯೪೭ರಲ್ಲಿ ಜಾಕಿ ರಾಬಿನ್‌ಸನ್ನನನ್ನು ಬ್ರೂಕ್ಲಿನ್ ತಂಡದಲ್ಲಿ ಆಡಿಸಿ, ಬೇಸ್‌ಬಾಲಿನ ವರ್ಣಭೇದದ ಗೋಡೆಯನ್ನು ಒಡೆದ ಆಡಳಿತಗಾರನೆಂದು ಆತನ ಹೆಸರು ಪ್ರಸಿದ್ಧವಾಗಿದೆ. ಆದರೆ ಆತನು ಮೊದಲು ಆಟಗಾರನಾಗಿದ್ದನು; ಅದೂ ಸಾಮಾನ್ಯ ಆಟಗಾರ. ಈ ಸಾಮಾನ್ಯತೆಯೇ ನಮಗೆ ಪ್ರಯೋಜನಕಾರಿ. ಮಹಾ ಆಟಗಾರರ ಅಂಕಿಗಳು ಹೇರಳವಾಗಿದ್ದು ಊಹೆಗೆ ಅವಕಾಶ ಕಡಿಮೆ. ಮೀಸಲು ಆಟಗಾರನದು ಅಲ್ಪ ಸಾಕ್ಷ್ಯ. ಅಲ್ಪ ಸಾಕ್ಷ್ಯದ ಮುಂದೆಯೇ ವಿಧಾನದ ಗುಣದೋಷಗಳು ಬಯಲಾಗುತ್ತವೆ.

೧. ಆಟ ಮತ್ತು ದಾಖಲೆ

ನಮ್ಮ ಓದುಗರಿಗೆ ಕ್ರಿಕೆಟ್ ಪರಿಚಿತ. ಕ್ರಿಕೆಟಿನ ವಿಕೆಟ್ ಕೀಪರನ ಸ್ಥಾನವೇ ಸ್ಥೂಲವಾಗಿ ಬೇಸ್‌ಬಾಲಿನ ಕ್ಯಾಚರನದು. ಚೆಂಡೆಸೆಯುವ ಪಿಚರನಿಗೆ ಎದುರಾಗಿ, ದಾಂಡಿಗನ ಬೆನ್ನ ಹಿಂದೆ ಕುಕ್ಕರುಗಾಲಿನಲ್ಲಿ ಕುಳಿತು ಚೆಂಡನ್ನು ಹಿಡಿಯುವುದು ಅವನ ಕೆಲಸ. ಒಂದು ಬೇಸಿನಲ್ಲಿರುವ ಎದುರಾಳಿಯು ಪಿಚರನ ಕಣ್ಣು ತಪ್ಪಿಸಿ ಮುಂದಿನ ಬೇಸಿಗೆ ಓಡಿದರೆ—ಇದಕ್ಕೆ ಬೇಸ್ ಕದಿಯುವುದೆಂದು ಹೆಸರು—ಅವನನ್ನು ಔಟ್ ಮಾಡಲು ಕ್ಯಾಚರನು ಮಿಂಚಿನಂತೆ ಚೆಂಡನ್ನು ಎಸೆಯಬೇಕು. ಆದ್ದರಿಂದ ಅವನ ಭುಜವೇ ಅವನ ಬಂಡವಾಳ. ಕ್ಯಾಚರನು ಮೊಣಕಾಲಿನ ಕೆಳಗೆ ಕವಚ ತೊಟ್ಟು ಆಡುವ ಪದ್ಧತಿಯನ್ನು ನ್ಯೂಯಾರ್ಕ್ ಜೈಂಟ್ಸ್ ತಂಡದ ರೋಜರ್ ಬ್ರೆಸ್ನಹಾನ್ ಪ್ರಚಾರಕ್ಕೆ ತಂದದ್ದು ೧೯೦೭ರಲ್ಲಿ. ಬೆರಳು ಮುರಿಯುವುದು, ಮಂಡಿ ಒಡೆಯುವುದು ಅಂದಿನ ಕ್ಯಾಚರರಿಗೆ ನಿತ್ಯದ ಅಪಾಯಗಳಾಗಿದ್ದವು. ವರ್ಷಕ್ಕೆ ೧೫೪ ಪಂದ್ಯಗಳ ಭಾರವನ್ನು ಒಬ್ಬನೇ ಹೊರಲಾರನಾಗಿ, ತಂಡಗಳು ಇಬ್ಬರು ಮೂವರು ಕ್ಯಾಚರರನ್ನು ಇಟ್ಟುಕೊಳ್ಳುತ್ತಿದ್ದವು. ಮೀಸಲು ಕ್ಯಾಚರನೆಂಬ ವರ್ಗ ಹುಟ್ಟಿದ್ದು ಈ ಅಗತ್ಯದಿಂದ.

ರಿಕಿಯು ೧೮೮೧ರ ಡಿಸೆಂಬರ್ ೨೦ರಂದು ಓಹಾಯೋ ಸಂಸ್ಥಾನದ ಸ್ಟಾಕ್‌ಡೇಲಿನಲ್ಲಿ ಜನಿಸಿದನು. ಆತನದು ನಿಷ್ಠಾವಂತ ಮೆಥಡಿಸ್ಟ್ ಕುಟುಂಬ. ಭಾನುವಾರ ಆಡುವುದಿಲ್ಲವೆಂಬುದು ಆತನ ವ್ರತವಾಗಿತ್ತು. ೧೯೦೪ರಲ್ಲಿ ಸಿನ್ಸಿನಾಟಿ ತಂಡ ಆತನನ್ನು ಸೇರಿಸಿಕೊಂಡು, ಈ ವ್ರತದ ಕಾರಣದಿಂದಲೇ ಒಂದು ಪಂದ್ಯವನ್ನೂ ಆಡಿಸದೆ ಬಿಟ್ಟುಕೊಟ್ಟಿತು. ಮುಂದೆ ಅಮೆರಿಕನ್ ಲೀಗಿನಲ್ಲಿ ಆತನ ದಾಖಲೆ ಹೀಗಿದೆ: ೧೯೦೫ರಲ್ಲಿ ಸೇಂಟ್ ಲೂಯಿಸ್ ಬ್ರೌನ್ಸ್ ತಂಡದಲ್ಲಿ ಒಂದೇ ಪಂದ್ಯ, ೩ ಸರದಿ, ಹಿಟ್ ಇಲ್ಲ. ೧೯೦೬ರಲ್ಲಿ ಅದೇ ತಂಡದಲ್ಲಿ ೨೦೧ ಸರದಿ, ೫೭ ಹಿಟ್, ಸರಾಸರಿ ೦.೨೮೪. ೧೯೦೭ರಲ್ಲಿ ನ್ಯೂಯಾರ್ಕ್ ಹೈಲ್ಯಾಂಡರ್ಸ್ ತಂಡದಲ್ಲಿ—ಇಂದಿನ ಯಾಂಕೀಸ್ ತಂಡದ ಪೂರ್ವರೂಪ ಅದು—೧೩೭ ಸರದಿ, ೨೫ ಹಿಟ್, ಸರಾಸರಿ ೦.೧೮೨. ಅನಂತರ ಆರು ವರ್ಷ ಏನೂ ಇಲ್ಲ. ೧೯೧೪ರಲ್ಲಿ, ಬ್ರೌನ್ಸ್ ತಂಡದ ಮ್ಯಾನೇಜರನಾಗಿದ್ದಾಗ, ೨ ಸರದಿ, ಹಿಟ್ ಇಲ್ಲ. ಒಟ್ಟು ೩೪೩ ಸರದಿಗಳಲ್ಲಿ ೮೨ ಹಿಟ್; ಜೀವಮಾನದ ಸರಾಸರಿ ೦.೨೩೯.

ಇವುಗಳ ಜೊತೆಗೆ ಮತ್ತೊಂದು ಅಂಕಿ ಆತನ ಹೆಸರಿಗೆ ಅಂಟಿಕೊಂಡಿದೆ. ೧೯೦೭ರ ಜೂನ್ ೨೮ರಂದು ವಾಷಿಂಗ್‌ಟನ್ ತಂಡದವರು ರಿಕಿಯ ಎದುರು ಒಂದೇ ಪಂದ್ಯದಲ್ಲಿ ೧೩ ಬೇಸುಗಳನ್ನು ಕದ್ದರು. ಬೇಸ್‌ಬಾಲಿನ ಜನಪ್ರಿಯ ಪುಸ್ತಕಗಳಲ್ಲಿ ರಿಕಿಯ ಆಟವನ್ನು ಕುರಿತು ಈ ಒಂದು ಸಂಗತಿಯನ್ನೇ ಹಾಸ್ಯವಾಗಿ ಹೇಳಿ ಮುಗಿಸುವುದುಂಟು.

ದಾಖಲೆಯ ಸ್ವರೂಪವನ್ನು ಕುರಿತು ಒಂದು ಎಚ್ಚರಿಕೆ ಅಗತ್ಯ. ಇಂದಿನ ಕೋಷ್ಟಕಗಳಲ್ಲಿ ಕಾಣುವ ಅಂಕಣಗಳೆಲ್ಲವೂ ಅಂದು ಅಧಿಕೃತವಾಗಿರಲಿಲ್ಲ. ಹಿಟ್ಟಿನಿಂದ ಬಂದ ಓಟಗಳ ಲೆಕ್ಕ ಅಧಿಕೃತವಾದದ್ದು ೧೯೨೦ರಲ್ಲಿ. ಬೇಸ್ ಕದಿಯಲು ಯತ್ನಿಸಿ ಸಿಕ್ಕಿಬಿದ್ದವರ ಲೆಕ್ಕವನ್ನು ರಿಕಿಯ ಕಾಲದಲ್ಲಿ ಕ್ರಮವಾಗಿ ಇಡುತ್ತಿರಲಿಲ್ಲ. ೧೯೬೯ರಲ್ಲಿ ಪ್ರಕಟವಾದ ಮ್ಯಾಕ್‌ಮಿಲನ್ ಸಂಸ್ಥೆಯ ಬೇಸ್‌ಬಾಲ್ ವಿಶ್ವಕೋಶ ಮತ್ತು ಅನಂತರದ ಸಂಶೋಧಕರು ಹಳೆಯ ಪತ್ರಿಕೆಗಳನ್ನು ಶೋಧಿಸಿ ಅನೇಕ ಅಂಕಣಗಳನ್ನು ಪುನಾರಚಿಸಿದ್ದಾರೆ. ಆದ್ದರಿಂದ ನಾವು ಅಂದೇ ದಾಖಲಾದ ಸರದಿ ಮತ್ತು ಹಿಟ್ ಎಂಬ ಎರಡು ಅಂಕಣಗಳನ್ನು ಮಾತ್ರ ಬಳಸಿದ್ದೇವೆ. ೧೩ ಬೇಸುಗಳ ಸಂಗತಿಯನ್ನು ಯಾವ ಲೆಕ್ಕಕ್ಕೂ ತೆಗೆದುಕೊಂಡಿಲ್ಲ. ಅದು ಒಂದು ದಿನದ ಘಟನೆ. ಒಂದು ದಿನದ ಮಳೆಯಿಂದ ವರ್ಷದ ಬೆಳೆಯನ್ನು ಅಳೆಯಲಾಗದು.

೨. ಆಕಸ್ಮಿಕದ ಪಾಲು

೧೯೦೬ರ ೦.೨೮೪ ಮತ್ತು ೧೯೦೭ರ ೦.೧೮೨—ಈ ಎರಡರಲ್ಲಿ ನಿಜವಾದ ರಿಕಿ ಯಾರು? ಆ ವರ್ಷಗಳಲ್ಲಿ ಅಮೆರಿಕನ್ ಲೀಗಿನ ಒಟ್ಟು ಸರಾಸರಿ ಸುಮಾರು ೦.೨೪೮. ಮೊದಲನೆಯ ವರ್ಷವನ್ನು ನೋಡಿದರೆ ಆತನು ಲೀಗಿನ ಮಟ್ಟಕ್ಕಿಂತ ಬಹಳ ಮೇಲಿದ್ದಾನೆ. ಎರಡನೆಯದನ್ನು ನೋಡಿದರೆ ತಂಡದಲ್ಲಿರಲೂ ಅರ್ಹನಲ್ಲ.

ಪ್ರತಿಯೊಂದು ಸರದಿಯನ್ನೂ ಒಂದು ಸ್ವತಂತ್ರ ಪ್ರಯೋಗವೆಂದು ಭಾವಿಸೋಣ. ಹಾಗಾದರೆ ೩೪೩ ಸರದಿಗಳ ಮೇಲಿನ ೦.೨೩೯ ಎಂಬ ಸರಾಸರಿಯ ಮಾನಕ ವಿಚಲನೆ ಸುಮಾರು ೦.೦೨೩ ಆಗುತ್ತದೆ. ಎರಡು ವಿಚಲನೆಗಳಷ್ಟು ಅಂತರವನ್ನು ಎರಡೂ ಕಡೆಗೆ ಬಿಟ್ಟರೆ, ಆತನ ನಿಜವಾದ ಸಾಮರ್ಥ್ಯ ೦.೧೯೩ರಿಂದ ೦.೨೮೫ರವರೆಗೆ ಎಲ್ಲಿಯಾದರೂ ಇರಬಹುದು. ಎಂದರೆ, ಆತನು ಉತ್ತಮ ದಾಂಡಿಗನೋ ದುರ್ಬಲ ದಾಂಡಿಗನೋ ಎಂಬುದನ್ನು ಆತನ ಇಡೀ ಜೀವಮಾನದ ದಾಖಲೆಯೂ ತೀರ್ಮಾನಿಸಲಾರದು. ೧೯೦೬ರ ಬೇಸಗೆಯಲ್ಲಿ ಹತ್ತೇ ಹತ್ತು ಹಿಟ್ಟುಗಳು ಎದುರಾಳಿಗಳ ಕೈಗೆ ಸಿಕ್ಕಿದ್ದರೆ ಆ ವರ್ಷದ ಸರಾಸರಿ ೦.೨೩೪ಕ್ಕೆ ಇಳಿಯುತ್ತಿತ್ತು.

ಹಾಗೆಂದು ಎಲ್ಲವೂ ಆಕಸ್ಮಿಕವೆಂದು ಬಿಡುವಂತೆಯೂ ಇಲ್ಲ. ಎರಡು ವರ್ಷಗಳ ಸರಾಸರಿಗಳ ನಡುವಣ ಅಂತರ ೦.೧೦೧, ಈ ಅಂತರದ ಮಾನಕ ವಿಚಲನೆ ಸುಮಾರು ೦.೦೪೭. ಸಾಮರ್ಥ್ಯದಲ್ಲಿ ಬದಲಾವಣೆಯೇ ಆಗದೆ ಇಷ್ಟು ದೊಡ್ಡ ಅಂತರ ಕಾಣುವ ಸಂಭವ ನೂರಕ್ಕೆ ಮೂರರಷ್ಟು ಮಾತ್ರ. ಅಂಕಿಗಳು ಇಲ್ಲಿ ಸೂಚಿಸುವುದು ಇಷ್ಟೆ: ೧೯೦೬ ಮತ್ತು ೧೯೦೭ರ ನಡುವೆ ಏನೋ ಆಗಿರಬೇಕು. ಏನಾಯಿತೆಂಬುದನ್ನು ಹೇಳುವ ಶಕ್ತಿ ಅವಕ್ಕಿಲ್ಲ. ಚರಿತ್ರೆಯಿಂದ ನಮಗೆ ತಿಳಿಯುವುದೇನೆಂದರೆ, ಆತನ ಭುಜಕ್ಕೆ ಪೆಟ್ಟಾಗಿತ್ತು. ಚೆಂಡೆಸೆಯುವ ಕೈ ಸೋತುಹೋಗಿತ್ತು. ನ್ಯೂಯಾರ್ಕಿನಲ್ಲಿ ಮುಖ್ಯ ಕ್ಯಾಚರನಾಗಿದ್ದವನು ರೆಡ್ ಕ್ಲೈನೋ. ರಿಕಿಯನ್ನು ಹಲವು ಪಂದ್ಯಗಳಲ್ಲಿ ಹೊರಮೈದಾನದಲ್ಲಿ ನಿಲ್ಲಿಸಲಾಯಿತು. ಜೂನ್ ೨೮ರ ಪಂದ್ಯ ಈ ನೋವಿನ ಕೈಯಿಂದಲೇ ಆಡಿದ ಪಂದ್ಯ. ಹಾಸ್ಯಪ್ರಸಂಗವೆಂದು ಹೇಳಲಾಗುವ ಅಂಕಿಯ ಹಿಂದೆ ಒಬ್ಬ ಗಾಯಾಳುವಿದ್ದಾನೆ.

೩. ಎರಡು ಸೂತ್ರಗಳ ಪ್ರಯೋಗ

ಅಲ್ಪ ಸಾಕ್ಷ್ಯದ ಅತಿರೇಕಗಳು ಕಾಲಾಂತರದಲ್ಲಿ ಸರಾಸರಿಯ ಕಡೆಗೆ ಮರಳುತ್ತವೆ ಎಂಬ ತತ್ತ್ವವನ್ನು ಫ್ರಾನ್ಸಿಸ್ ಗಾಲ್ಟನ್ ೧೮೮೬ರಲ್ಲಿ ತಂದೆತಾಯಿ ಮತ್ತು ಮಕ್ಕಳ ಎತ್ತರವನ್ನು ಹೋಲಿಸಿ ಪ್ರತಿಪಾದಿಸಿದನು. ಬೇಸ್‌ಬಾಲಿನ ಮುನ್ನಂದಾಜುಗಳೆಲ್ಲ ಈ ತತ್ತ್ವದ ಮೇಲೆ ನಿಂತಿವೆ. ಅವುಗಳಲ್ಲಿ ಅತ್ಯಂತ ಸರಳವಾದುದು ಇಪ್ಪತ್ತೊಂದನೆಯ ಶತಮಾನದ ಆರಂಭದಲ್ಲಿ ಟಾಮ್ ಟ್ಯಾಂಗೊ ರೂಪಿಸಿದ ಮಾರ್ಸೆಲ್ ವಿಧಾನ. ಇದಕ್ಕೆ ಒಂದು ಕೋತಿಯ ಹೆಸರನ್ನಿಟ್ಟಿದ್ದಾರೆ. ಕೋತಿಯೂ ಮಾಡಬಹುದಾದಷ್ಟು ಸುಲಭವೆಂಬುದು ತಾತ್ಪರ್ಯ. ಇದರಲ್ಲಿ ಕಳೆದ ವರ್ಷಕ್ಕೆ ೫, ಅದರ ಹಿಂದಿನದಕ್ಕೆ ೪, ಅದಕ್ಕೂ ಹಿಂದಿನದಕ್ಕೆ ೩ ತೂಕ ಕೊಟ್ಟು ಕೂಡಿಸಿ, ಅದಕ್ಕೆ ಲೀಗಿನ ಸರಾಸರಿಯಂತೆ ಆಡಿದ ೧೨೦೦ ಸರದಿಗಳನ್ನು ಬೆರೆಸುತ್ತಾರೆ. ಸಾಕ್ಷ್ಯ ಕಡಿಮೆಯಿದ್ದಷ್ಟೂ ಈ ಬೆರಕೆಯ ಪ್ರಭಾವ ಹೆಚ್ಚು. ವಯಸ್ಸಿನ ತಿದ್ದುಪಡಿಯನ್ನು ಸರಳತೆಗಾಗಿ ನಾವು ಕೈಬಿಟ್ಟಿದ್ದೇವೆ.

೧೯೦೬ರ ಕೊನೆಯಲ್ಲಿ ನಿಂತು ೧೯೦೭ನ್ನು ನೋಡುವುದಾದರೆ, ಈ ವಿಧಾನ ಕೊಡುವ ಸರಾಸರಿ ೦.೨೬೩. ಆ ಪ್ರಕಾರ ೧೩೭ ಸರದಿಗಳಲ್ಲಿ ೩೬ ಹಿಟ್ ಬರಬೇಕಾಗಿತ್ತು, ಬಂದದ್ದು ೨೫. ೧೯೦೭ರ ಕೊನೆಯಲ್ಲಿ ನಿಂತು ೧೯೦೮ನ್ನು ನೋಡಿದರೆ ೦.೨೪೧ ಎಂಬ ಅಂದಾಜು ಬರುತ್ತದೆ. ಹಿಂದಿನ ಎರಡು ವರ್ಷಗಳ ಏರಿಳಿತವೆಲ್ಲ ಕರಗಿ, ಲೀಗಿನ ಮಟ್ಟಕ್ಕೆ ತುಸು ಕೆಳಗಿನ ಒಬ್ಬ ಸಾಧಾರಣ ಆಟಗಾರನ ಚಿತ್ರ ಮೂಡುತ್ತದೆ. ಇದು ನಂಬಬಹುದಾದ ಚಿತ್ರವೆಂದೇ ನಮ್ಮ ಅಭಿಪ್ರಾಯ. ಆದರೆ ಎಷ್ಟು ಸರದಿ ಆಡುವನೆಂಬ ಪ್ರಶ್ನೆಗೆ ಇದೇ ವಿಧಾನ ಕೊಡುವ ಉತ್ತರವನ್ನು ನೋಡಬೇಕು: ಕಳೆದ ವರ್ಷದ ಅರ್ಧ, ಅದರ ಹಿಂದಿನ ವರ್ಷದ ಹತ್ತನೆಯ ಒಂದು ಭಾಗ, ಜೊತೆಗೆ ೨೦೦. ಆ ಲೆಕ್ಕದಲ್ಲಿ ೧೯೦೮ರಲ್ಲಿ ಸುಮಾರು ೨೮೯ ಸರದಿ, ೭೦ ಹಿಟ್. ವಾಸ್ತವದಲ್ಲಿ ಬಂದದ್ದು ಸೊನ್ನೆ. ಆ ೨೦೦ ಎಂಬ ಸಂಖ್ಯೆಯಲ್ಲಿ ಒಂದು ಮೌನವಾದ ಪೂರ್ವಗ್ರಹಿಕೆಯಿದೆ: ಆಟಗಾರನು ಮುಂದಿನ ವರ್ಷವೂ ಇರುತ್ತಾನೆ ಎಂಬುದೇ ಅದು.

ಎರಡನೆಯದು ಬಿಲ್ ಜೇಮ್ಸ್ ರೂಪಿಸಿ, ತನ್ನ ಮೆಚ್ಚಿನ ಆಟಿಕೆಯೆಂದು ಕರೆದ ಸೂತ್ರ. ಉಳಿದಿರುವ ವರ್ಷಗಳನ್ನು ತಿಳಿಯಲು ವಯಸ್ಸಿನ ಹತ್ತನೆಯ ಆರು ಭಾಗವನ್ನು ೨೪ರಿಂದ ಕಳೆಯಬೇಕು. ಕ್ಯಾಚರನಾದರೆ ಬಂದುದನ್ನು ೦.೭ರಿಂದ ಗುಣಿಸಬೇಕು. ಕಳೆದ ಮೂರು ವರ್ಷಗಳ ಹಿಟ್ಟುಗಳಿಗೆ ೩, ೨, ೧ ತೂಕ ಕೊಟ್ಟು ಸ್ಥಿರ ಮಟ್ಟವನ್ನು ಕಂಡುಕೊಳ್ಳಬೇಕು. ಆ ಮಟ್ಟ ಕಳೆದ ವರ್ಷದ ಮುಕ್ಕಾಲು ಪಾಲಿಗಿಂತ ಕಡಿಮೆಯಾಗಕೂಡದು. ಕಾಯಂ ಆಟಗಾರರು ದೊಡ್ಡ ದಾಖಲೆಗಳನ್ನು ಮುಟ್ಟುವ ಸಂಭವವನ್ನು ಅಳೆಯಲು ರಚಿತವಾದ ಈ ಸೂತ್ರವನ್ನು ಮೀಸಲು ಆಟಗಾರನಿಗೆ ಅನ್ವಯಿಸುವುದು ಅದನ್ನು ಹಿಗ್ಗಿಸಿದಂತೆಯೇ ಸರಿ. ಆದಾಗ್ಯೂ ಹೋಲಿಕೆಗೆ ಅದು ಸಾಕು. ೧೯೦೬ರ ಕೊನೆಯಲ್ಲಿ ರಿಕಿಯ ಜೀವಮಾನದ ಹಿಟ್ಟುಗಳ ಅಂದಾಜು ೩೪೪. ೧೯೦೭ರ ಕೊನೆಯಲ್ಲಿ, ೨೫ನೆಯ ವಯಸ್ಸಿಗೆ, ೬.೩ ವರ್ಷಗಳ ಆಟ ಉಳಿದಿದ್ದು, ಅಂದಾಜು ೨೮೦. ವಾಸ್ತವ ೮೨.

೪. ಅಂದಾಜಿಗೂ ವಾಸ್ತವಕ್ಕೂ ನಡುವೆ

೨೮೦ ಮತ್ತು ೮೨ರ ನಡುವಣ ೧೯೮ ಹಿಟ್ಟುಗಳು ಎಲ್ಲಿ ಹೋದವು? ಸೂತ್ರವನ್ನು ದೂಷಿಸುವುದು ಸುಲಭ; ಪ್ರಯೋಜನವಿಲ್ಲ. ಸೂತ್ರವು ಬಲ್ಲುದು ಆಟವನ್ನು ಮಾತ್ರ. ಉಳಿದುದನ್ನು ಇತಿಹಾಸ ತುಂಬಬೇಕು.

ಮೊದಲನೆಯ ಕಾರಣ ಭುಜದ ಗಾಯವೆಂದು ಈಗಾಗಲೇ ಹೇಳಿದೆವು. ಎರಡನೆಯದು ಭಾನುವಾರದ ವ್ರತ. ಸೇಂಟ್ ಲೂಯಿಸಿನಲ್ಲಿ ಭಾನುವಾರದ ಪಂದ್ಯಗಳಿಗೆ ಅನುಮತಿಯಿತ್ತು; ದುಡಿಯುವ ಜನ ಆಟ ನೋಡಲು ಬರುತ್ತಿದ್ದುದೇ ಅಂದು. ತಂಡದ ದೊಡ್ಡ ವರಮಾನದ ದಿನದಲ್ಲಿ ಇಲ್ಲದ ಆಟಗಾರನು ಕಾಯಂ ಸ್ಥಾನವನ್ನು ಹೇಗೆ ಪಡೆಯಬಲ್ಲನು? ಮೂರನೆಯದು ಆರೋಗ್ಯ: ಆತನಿಗೆ ಕ್ಷಯರೋಗ ತಗುಲಿ, ನ್ಯೂಯಾರ್ಕ್ ಸಂಸ್ಥಾನದ ಸರನಾಕ್ ಲೇಕಿನಲ್ಲಿ ಚಿಕಿತ್ಸೆ ಪಡೆಯಬೇಕಾಯಿತು. ನಾಲ್ಕನೆಯದು ಆತನ ಆಯ್ಕೆ. ೧೯೦೪ರಲ್ಲೇ ಓಹಾಯೋ ವೆಸ್ಲಿಯನ್ ವಿಶ್ವವಿದ್ಯಾಲಯದ ಪದವೀಧರನಾಗಿದ್ದ ರಿಕಿಯು ಮಿಚಿಗನ್ ವಿಶ್ವವಿದ್ಯಾಲಯದಲ್ಲಿ ಕಾನೂನು ಓದಿ ೧೯೧೧ರಲ್ಲಿ ಪದವಿ ಪಡೆದನು. ಅಲ್ಲಿಯ ಬೇಸ್‌ಬಾಲ್ ತಂಡಕ್ಕೆ ಶಿಕ್ಷಕನಾಗಿ ಜಾರ್ಜ್ ಸಿಸ್ಲರನಂಥ ಆಟಗಾರನನ್ನು ತಿದ್ದಿದನು. ಈ ನಾಲ್ಕರಲ್ಲಿ ಎರಡು ದೇಹಕ್ಕೆ, ಎರಡು ಮನಸ್ಸಿಗೆ ಸಂಬಂಧಿಸಿದವು. ಆತನಿಗೆ ಬೇರೆ ದಾರಿ ತೆರೆದಿತ್ತು ಎಂಬುದು ಮುಖ್ಯವಾದ ಮಾತು.

ಆ ದಾರಿಯಲ್ಲಿ ನಡೆದೇ ಆತನು ಆಟದ ಅಂಕಿಗಳ ಚರಿತ್ರೆಯನ್ನೂ ಬದಲಿಸಿದನು. ೧೯೪೭ರಲ್ಲಿ ಮಾಂಟ್ರಿಯಲ್ ನಗರದ ಅಲನ್ ರಾತ್ ಎಂಬ ಸಂಖ್ಯಾಶಾಸ್ತ್ರಜ್ಞನನ್ನು ಬ್ರೂಕ್ಲಿನ್ ತಂಡದ ಕೆಲಸಕ್ಕೆ ನೇಮಿಸಿದವನು ರಿಕಿಯೇ. ೧೯೫೪ರ ಆಗಸ್ಟಿನಲ್ಲಿ ಲೈಫ್ ಪತ್ರಿಕೆಯಲ್ಲಿ ಆತನು ಪ್ರಕಟಿಸಿದ ಲೇಖನದಲ್ಲಿ, ಬರಿಯ ಬ್ಯಾಟಿಂಗ್ ಸರಾಸರಿಯನ್ನು ನಂಬದೆ, ದಾಂಡಿಗನು ಬೇಸ್ ತಲುಪುವ ಪ್ರಮಾಣವನ್ನೂ ಹೊಡೆತದ ಬಲವನ್ನೂ ಸೇರಿಸಿ ರಚಿಸಿದ ಸಮೀಕರಣವಿದೆ. ಮುನ್ನಂದಾಜಿನ ಶಾಸ್ತ್ರಕ್ಕೆ ತಳಹದಿ ಹಾಕಿದವರಲ್ಲಿ, ಆ ಶಾಸ್ತ್ರದ ಲೆಕ್ಕದಲ್ಲಿ ಸಾಧಾರಣನೆನಿಸುವ ಈ ಮೀಸಲು ಕ್ಯಾಚರನೂ ಒಬ್ಬನು.

೫. ಇನ್ನೊಬ್ಬ ಕ್ಯಾಚರ್

ಈಗ ಇದೇ ಸೂತ್ರವನ್ನು ಮತ್ತೊಬ್ಬನಿಗೆ ಅನ್ವಯಿಸೋಣ. ಮೋಸಸ್ ಫ್ಲೀಟ್‌ವುಡ್ ವಾಕರ್ ಕೂಡ ಓಹಾಯೋದವನು, ಕ್ಯಾಚರ್, ಮಿಚಿಗನ್ ವಿಶ್ವವಿದ್ಯಾಲಯದಲ್ಲಿ ಓದಿದವನು, ಆದರೆ ಕರಿಯನು. ೧೮೮೪ರಲ್ಲಿ ಅಮೆರಿಕನ್ ಅಸೋಸಿಯೇಷನ್ನಿನ ಟೊಲೀಡೊ ತಂಡದಲ್ಲಿ ೪೨ ಪಂದ್ಯಗಳನ್ನು ಆಡಿ, ೧೫೨ ಸರದಿಗಳಲ್ಲಿ ೪೦ ಹಿಟ್ ಹೊಡೆದನು. ಸರಾಸರಿ ೦.೨೬೩. ಆಗ ಅವನಿಗೆ ೨೭ ವಯಸ್ಸು. ಬಿಲ್ ಜೇಮ್ಸನ ಸೂತ್ರದಂತೆ ಅವನಿಗೆ ಇನ್ನೂ ೫.೪೬ ವರ್ಷಗಳ ಆಟ ಉಳಿದಿತ್ತು. ಜೀವಮಾನದ ಹಿಟ್ಟುಗಳ ಅಂದಾಜು ಸುಮಾರು ೨೦೪. ವಾಸ್ತವ ೪೦.

ಅಂಕಿಗಳನ್ನು ಮಾತ್ರ ನೋಡಿದರೆ ಇವು ಒಂದೇ ಬಗೆಯ ಎರಡು ನಿದರ್ಶನಗಳು. ವಾಕರನಿಗೂ ಆ ವರ್ಷ ಗಾಯಗಳಾಗಿದ್ದವು. ಟೊಲೀಡೊ ತಂಡವೂ ಮರುವರ್ಷ ಆ ಲೀಗಿನಲ್ಲಿ ಉಳಿಯಲಿಲ್ಲ. ಆದರೆ ಗಾಯ ಮಾಯಬಹುದಾಗಿತ್ತು, ಬೇರೆ ತಂಡ ಸಿಗಬಹುದಾಗಿತ್ತು. ೧೮೮೭ರ ಜುಲೈನಲ್ಲಿ ಇಂಟರ್‌ನ್ಯಾಷನಲ್ ಲೀಗಿನವರು ಇನ್ನು ಮುಂದೆ ಕರಿಯ ಆಟಗಾರರೊಂದಿಗೆ ಹೊಸ ಕರಾರುಗಳಿಗೆ ಒಪ್ಪಿಗೆ ನೀಡಬಾರದೆಂದು ನಿರ್ಣಯಿಸಿದರು. ಚಿಕ್ಕ ಲೀಗುಗಳಲ್ಲಿ ೧೮೮೯ರವರೆಗೆ ಆಡಿ ವಾಕರ್ ನಿವೃತ್ತನಾದನು. ರಿಕಿಯು ಆಟದಿಂದ ಹೊರಕ್ಕೆ ನಡೆದನು. ವಾಕರನು ಹೊರಗಿದ್ದಾಗ ಬಾಗಿಲು ಮುಚ್ಚಲ್ಪಟ್ಟಿತು. ಈ ವ್ಯತ್ಯಾಸವು ಯಾವ ಕೋಷ್ಟಕದಲ್ಲಿಯೂ ಕಾಣುವುದಿಲ್ಲ.

ಸಾಕ್ಷ್ಯವೇ ಹುಟ್ಟದಂತೆ ಆದವರ ವಿಷಯ ಇನ್ನೂ ಕಠಿಣ. ಓಹಾಯೋ ವೆಸ್ಲಿಯನ್ನಿನಲ್ಲಿ ರಿಕಿ ತರಬೇತು ಮಾಡುತ್ತಿದ್ದ ತಂಡದಲ್ಲಿ ಚಾರ್ಲ್ಸ್ ಥಾಮಸ್ ಎಂಬ ಕರಿಯ ವಿದ್ಯಾರ್ಥಿಯಿದ್ದನು. ಇಂಡಿಯಾನಾದ ಸೌತ್ ಬೆಂಡಿನ ಹೋಟೆಲಿನಲ್ಲಿ ಅವನಿಗೆ ಕೋಣೆ ನಿರಾಕರಿಸಲ್ಪಟ್ಟ ಪ್ರಸಂಗವನ್ನು ರಿಕಿಯು ವೃದ್ಧಾಪ್ಯದವರೆಗೂ ಹೇಳುತ್ತಿದ್ದನು. ನೆನಪಿನಿಂದ ಹಲವು ಬಾರಿ ಹೇಳಿದ ಕಥೆಯ ವಿವರಗಳನ್ನು ಇತಿಹಾಸಕಾರನು ಎಚ್ಚರದಿಂದಲೇ ಸ್ವೀಕರಿಸಬೇಕು. ಥಾಮಸನು ಮುಂದೆ ದಂತವೈದ್ಯನಾದನೆಂಬುದು ಮಾತ್ರ ನಿರ್ವಿವಾದ. ದೊಡ್ಡ ಲೀಗಿನಲ್ಲಿ ಅವನ ಹೆಸರಿಗೆ ಒಂದು ಸರದಿಯೂ ಇಲ್ಲ. ಸೊನ್ನೆಯನ್ನು ಯಾವ ತೂಕದಿಂದ ಗುಣಿಸಿದರೂ ಸೊನ್ನೆಯೇ.

ಇದು ಹಳೆಯ ಕಾಲದ ಮುಗಿದ ವಿಷಯವಲ್ಲ. ನೀಗ್ರೋ ಲೀಗುಗಳೆಂದು ಹೆಸರಾದ ಪ್ರತ್ಯೇಕ ಲೀಗುಗಳಲ್ಲಿ ಆಡಿದ ಕ್ಯಾಚರ್ ಜಾಶ್ ಗಿಬ್ಸನ್ ತನ್ನ ೩೫ನೆಯ ವಯಸ್ಸಿನಲ್ಲಿ, ೧೯೪೭ರ ಜನವರಿ ೨೦ರಂದು ತೀರಿಕೊಂಡನು. ರಾಬಿನ್‌ಸನ್ ಬ್ರೂಕ್ಲಿನ್ ಪರವಾಗಿ ಮೊದಲ ಪಂದ್ಯವನ್ನಾಡಿದ್ದು ಅದೇ ವರ್ಷ ಏಪ್ರಿಲ್ ೧೫ರಂದು. ೧೯೨೦ರಿಂದ ೧೯೪೮ರವರೆಗಿನ ಈ ಲೀಗುಗಳನ್ನು ದೊಡ್ಡ ಲೀಗುಗಳೆಂದು ಬೇಸ್‌ಬಾಲ್ ಆಡಳಿತ ೨೦೨೦ರ ಡಿಸೆಂಬರಿನಲ್ಲಿ ಮಾನ್ಯಮಾಡಿತು. ೨೦೨೪ರ ಮೇ ತಿಂಗಳಲ್ಲಿ ಅವುಗಳ ಅಂಕಿಗಳು ಅಧಿಕೃತ ದಾಖಲೆಗೆ ಸೇರಿ, ಟೈ ಕಾಬ್‌ನ ೦.೩೬೭ನ್ನು ಹಿಂದಿಕ್ಕಿ ಗಿಬ್ಸನ್ನನ ೦.೩೭೨ ಜೀವಮಾನದ ಅತ್ಯುಚ್ಚ ಸರಾಸರಿಯಾಯಿತು. ಆ ಲೀಗುಗಳ ಋತುಗಳು ಚಿಕ್ಕವು, ಉಳಿದ ದಾಖಲೆಗಳು ಅಪೂರ್ಣ ಎಂಬ ಆಕ್ಷೇಪ ಬಂದಿದೆ. ಆಕ್ಷೇಪದಲ್ಲಿ ಹುರುಳಿಲ್ಲದಿಲ್ಲ. ಆದರೆ ಆಕ್ಷೇಪಿಸುವವರು ಒಂದನ್ನು ಮರೆಯುತ್ತಾರೆ: ಋತುಗಳು ಚಿಕ್ಕವಾದದ್ದೂ ದಾಖಲೆಗಳು ಚದುರಿದ್ದೂ ಬಹಿಷ್ಕಾರದ ಫಲವೇ. ಬಹಿಷ್ಕಾರದಿಂದ ಉಂಟಾದ ಸಾಕ್ಷ್ಯದ ಕೊರತೆಯನ್ನು ಬಹಿಷ್ಕೃತನ ಕೊರತೆಯೆಂದು ಎಣಿಸುವುದು ತರ್ಕವಲ್ಲ.

೬. ಉಪಸಂಹಾರ

ಮೇಲಿನ ಪರಿಶೀಲನೆಯಿಂದ ನಾವು ಮೂರು ನಿರ್ಣಯಗಳಿಗೆ ಬರುತ್ತೇವೆ. ಮೊದಲನೆಯದು: ಅಲ್ಪ ಸಾಕ್ಷ್ಯದಿಂದ ಮಾಡುವ ಅಂದಾಜನ್ನು ಒಂದೇ ಸಂಖ್ಯೆಯಾಗಿ ಹೇಳದೆ, ಅದರ ಮೇರೆಗಳೊಡನೆ ಹೇಳಬೇಕು. ರಿಕಿಯ ಸರಾಸರಿ ೦.೨೩೯ ಎಂಬುದಕ್ಕಿಂತ ಆತನ ಸಾಮರ್ಥ್ಯ ೦.೧೯೩ಕ್ಕೂ ೦.೨೮೫ಕ್ಕೂ ನಡುವೆ ಇತ್ತೆಂಬುದು ಹೆಚ್ಚು ಸತ್ಯವಾದ ಹೇಳಿಕೆ. ಎರಡನೆಯದು: ಮುನ್ನಂದಾಜು ಇತಿಹಾಸಕ್ಕೆ ಬದಲಿಯಲ್ಲ, ಅದರ ಅಳತೆಗೋಲು. ನಡೆದುದು ಅಂದಾಜಿನಿಂದ ಎಷ್ಟು ದೂರ ಸರಿಯಿತೆಂದು ತಿಳಿದಾಗಲೇ ಏಕೆ ಸರಿಯಿತೆಂಬ ಪ್ರಶ್ನೆಗೆ ರೂಪ ಬರುತ್ತದೆ. ಮೂರನೆಯದು: ಪ್ರತಿಯೊಂದು ಸೂತ್ರವೂ ಬಾಗಿಲು ತೆರೆದಿದೆಯೆಂದು ಭಾವಿಸಿಕೊಂಡೇ ಹೊರಡುತ್ತದೆ. ಬಾಗಿಲು ಯಾರಿಗೆ ತೆರೆದಿತ್ತು, ಯಾರಿಗೆ ಇರಲಿಲ್ಲ ಎಂಬುದನ್ನು ಮೊದಲು ವಿಚಾರಿಸುವುದು ಇತಿಹಾಸಕಾರನ ಹೊಣೆ.

ನಮ್ಮ ವಿದ್ಯಾರ್ಥಿಗಳು ಅಂಕಿಗಳನ್ನು ಕಂಡರೆ ಒಂದೋ ಕಣ್ಣುಮುಚ್ಚಿ ನಂಬುತ್ತಾರೆ, ಇಲ್ಲವೇ ಇತಿಹಾಸಕ್ಕೆ ಸಲ್ಲದ ವಸ್ತುವೆಂದು ದೂರವಿಡುತ್ತಾರೆ. ಎರಡೂ ಸರಿಯಲ್ಲ. ಜನಗಣತಿಯ ಕೋಷ್ಟಕವಾಗಲಿ, ಕಂದಾಯದ ಲೆಕ್ಕವಾಗಲಿ, ಆಟದ ದಾಖಲೆಯಾಗಲಿ, ಅದರಲ್ಲಿ ಎಣಿಸಲ್ಪಟ್ಟವರೊಡನೆ ಎಣಿಕೆಗೇ ಬಾರದವರನ್ನೂ ಹುಡುಕುವ ಅಭ್ಯಾಸ ಬೆಳೆಯಬೇಕು. ರಿಕಿಯ ೩೪೩ ಸರದಿಗಳನ್ನೂ ವಾಕರನ ೧೫೨ ಸರದಿಗಳನ್ನೂ ಥಾಮಸನ ಸೊನ್ನೆಯನ್ನೂ ಒಂದೇ ಹಾಳೆಯ ಮೇಲೆ ಬರೆದುಕೊಂಡು ಈ ಅಭ್ಯಾಸವನ್ನು ಆರಂಭಿಸಬಹುದು.